ಊರಲ್ಲಿ ಹರಿಕಥೆ ಮಾಡಿಸುವವರಿಗೆ: ನಮ್ಮದು ಹೀಗಾಯಿತು

ಮೊನ್ನೆ ಭಾನುವಾರ ನಮ್ಮೂರ ರಾಮಮಂದಿರದಲ್ಲಿ ಹರಿಕಥೆ ಮುಗಿಯಿತು. ಶಾಮಿಯಾನದವರ ಲೆಕ್ಕ ಇವತ್ತು ಬೆಳಿಗ್ಗೆ ಚುಕ್ತಾ ಆಯಿತು. ನಮ್ಮದು ಬೇಲೂರು ತಾಲ್ಲೂಕು, ಬಿಕ್ಕೋಡು ಕಡೆಯ ಸಣ್ಣ ಊರು. ಸುತ್ತ ಕಾಫಿ ತೋಟ, ಮಧ್ಯೆ ಒಂದಷ್ಟು ಗದ್ದೆ. ಕಥೆ ಹೇಳುವ ದಾಸರಿಗೊಂದು ಫೋನ್ ಮಾಡಿದರೆ ಹರಿಕಥೆ ಆಗಿಹೋಯಿತು ಅಂದುಕೊಂಡವರು ನಮ್ಮಲ್ಲೂ ಇದ್ದರು. ಹಾಗಾಗುವುದಿಲ್ಲ. ದುಡ್ಡಿನದು ದೊಡ್ಡ ಕಷ್ಟವಲ್ಲ, ಊರವರು ಕೊಡುತ್ತಾರೆ. ಮೂರು ಗಂಟೆ ಹೊತ್ತು ಹೊಂದಿಸುವುದೇ ಕಷ್ಟ. ಪೊಲೀಸರಿಂದ ಹಿಡಿದು ಕಾಡಾನೆವರೆಗೆ ಎಲ್ಲರೂ ಆ ಮೂರು ಗಂಟೆಯಲ್ಲಿ ಒಂದೊಂದು ತುಂಡು ಕೇಳುತ್ತಾರೆ. ಬೇರೆ ಊರಿನವರಿಗೆ ಉಪಯೋಗ ಆಗಲಿ ಅಂತ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಕಮಿಟಿ ಮೀಟಿಂಗ್ ಕೂತಿತು. ರಾಮೋತ್ಸವಕ್ಕೆ ಏನು ಇಡೋಣ ಅಂತ. ಹುಡುಗರಿಗೆ ಆರ್ಕೆಸ್ಟ್ರಾ ಬೇಕು. ಹಿರಿಯರಿಗೆ ಹರಿಕಥೆ ಬೇಕು. 2024ರಲ್ಲೂ ಇದೇ ಮಾತು ಎದ್ದಿತ್ತು, ಆದರೆ ಆಗ ರಾಮನವಮಿ ಬಂದದ್ದು ಏಪ್ರಿಲ್ 17ಕ್ಕೆ, ನಮ್ಮ ಹಾಸನದಲ್ಲಿ ಲೋಕಸಭೆ ಮತದಾನ 26ಕ್ಕೆ. ನೀತಿ ಸಂಹಿತೆ ಇರುವಾಗ ಮೈಕಿನ ಸಹವಾಸವೇ ಬೇಡ ಅಂತ ಪಾನಕ, ಕೋಸಂಬರಿಗೆ ಮುಗಿಸಿದ್ದೆವು. ಈ ಸಲ ಹರಿಕಥೆ ಗೆದ್ದದ್ದು ಭಕ್ತಿಯಿಂದ ಅಂತ ನಾನು ಹೇಳುವುದಿಲ್ಲ. ಆರ್ಕೆಸ್ಟ್ರಾದವರು ಒಂದು ಲಕ್ಷದ ಮೇಲೆ ಕೇಳಿದರು. ಹರಿಕಥೆ ಅದರ ಅರ್ಧದಲ್ಲಿ ಆಗುತ್ತದೆ ಅಂತ ಖಜಾಂಚಿ ಹೇಳಿದ ಕೂಡಲೇ ಎಲ್ಲರಿಗೂ ಪುರಾಣದ ಮೇಲೆ ಪ್ರೀತಿ ಹುಟ್ಟಿತು.

ದಾಸರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ದೇವಸ್ಥಾನದ ಹಳೇ ಲೆಕ್ಕದ ಪುಸ್ತಕದಲ್ಲಿ ಹಿಂದೆ ಬರುತ್ತಿದ್ದ ದಾಸರ ಊರು, ಹೆಸರು ಎಲ್ಲ ಇತ್ತು. ಅರಸೀಕೆರೆ ಕಡೆಯವರು ಒಬ್ಬರು, ಹಾಸನದವರು ಇಬ್ಬರು. ವಿಚಾರಿಸಿದರೆ ಒಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಮಗನ ಜೊತೆ ಬೆಂಗಳೂರು ಸೇರಿದ್ದಾರೆ, ಇನ್ನೊಬ್ಬರಿಗೆ ಕೂತು ಭಜನೆ ಮಾಡುವಷ್ಟು ಮಾತ್ರ ಶಕ್ತಿ. ಯೂಟ್ಯೂಬಿನಲ್ಲಿ ನೋಡಿ ಒಬ್ಬರಿಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ಎಷ್ಟು ನಿಮಿಷದ ಪ್ರೋಗ್ರಾಂ?" ಮದುವೆ ಮನೆ, ಗೃಹಪ್ರವೇಶ ಅಂತ ನಲವತ್ತು ನಿಮಿಷಕ್ಕೆ ಒಗ್ಗಿಹೋಗಿದ್ದಾರೆ ಪಾಪ. ಅವರದ್ದೇನೂ ತಪ್ಪಿಲ್ಲ, ಕರೆಸುವವರು ಕೇಳುವುದೇ ಅಷ್ಟು.

ಕೊನೆಗೆ ನಮ್ಮ ಅರ್ಚಕರ ಸಂಬಂಧಿಕರ ಕಡೆಯಿಂದ ಕಡೂರು ಕಡೆಯ ದಾಸರೊಬ್ಬರ ನಂಬರ್ ಸಿಕ್ಕಿತು. ಫೋನಿನಲ್ಲೇ ಗೊತ್ತಾಯಿತು, ಇವರು ಹಳೇ ಪದ್ಧತಿಯವರು ಅಂತ. ದುಡ್ಡಿನ ಮಾತು ಎತ್ತಲೇ ಇಲ್ಲ. ವೇದಿಕೆ ದೇವರಿಗೆ ಎದುರಾಗಿದೆಯೋ ಪಕ್ಕಕ್ಕೋ, ಜನ ನೆಲದ ಮೇಲೆ ಕೂರುತ್ತಾರೋ ಕುರ್ಚಿಯೋ, ಮೈಕ್ ಕತ್ತಿಗೆ ಹಾಕುವುದೋ ಸ್ಟ್ಯಾಂಡಿನದೋ, ಇದೆಲ್ಲ ಕೇಳಿದರು. ನಾನು ನಮ್ಮೂರ ಭಜನೆಯ ತಬಲಾ ಹುಡುಗನನ್ನು ಕೂರಿಸುತ್ತೇನೆ, ನಿಮಗೆ ಒಬ್ಬರ ಖರ್ಚು ಉಳಿಯುತ್ತದೆ ಅಂದೆ. "ಹುಡುಗ ಚೆನ್ನಾಗೇ ನುಡಿಸಬಹುದು ಸ್ವಾಮಿ. ಆದರೆ ನಾನು ಮಾತಾಡ್ತಾ ಮಾತಾಡ್ತಾನೇ ಹಾಡಿಗೆ ಹಾರ್ತೀನಿ. ಅವನು ಎಲ್ಲಿ ಹಿಡೀಬೇಕು ಅಂತ ಹುಡುಕೋ ಹೊತ್ತಿಗೆ ಕಥೆ ಬಿದ್ದೋಗಿರುತ್ತೆ" ಅಂದರು.

ಆ ಮಾತು ಕಾರ್ಯಕ್ರಮದ ದಿನ ಅರ್ಥವಾಯಿತು. ದಶರಥ ಕೈಕೇಯಿಯ ಬಾಗಿಲಿಗೆ ಬಂದ ಅನ್ನುವ ಮಾತಿನ ಕೊನೆಗೇ ದಾಸರ ಕೈಯಲ್ಲಿನ ತಾಳ, ಅದೇ ಚಿಟಿಕೆ, ಝಲ್ಲೆನ್ನುತ್ತದೆ, ಆಗಲೇ ಹಾರ್ಮೋನಿಯಂ ಸ್ವರ ಹಿಡಿದಿರುತ್ತದೆ, ತಬಲಾ ಎರಡನೇ ಮಾತ್ರೆಗೆ ಒಳಗಿರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸಾಕಿ, ದಿಂಡಿ, ಓವಿ ಅಂತ ಮರಾಠಿ ಮಟ್ಟುಗಳು ಬೇರೆ ನಡುವೆ ಬರುತ್ತವೆ, ಒಂದೊಂದರ ನಡೆಯೂ ಬೇರೆ. ಆದ್ದರಿಂದ ಪಕ್ಕವಾದ್ಯದವರನ್ನು ದಾಸರೇ ಕರೆತರಲಿ. ಅಲ್ಲಿ ಉಳಿಸಲು ಹೋಗಬೇಡಿ.

ದಾಸರು ಒಪ್ಪಿದ ಮೇಲೆ ಹೊತ್ತಿನ ತಾಪತ್ರಯ ಶುರು. ನಮ್ಮಪ್ಪನ ಕಾಲದಲ್ಲಿ ರಾತ್ರಿ ಊಟ ಮಾಡಿಕೊಂಡು ಚಾಪೆ ಸಮೇತ ಬಂದು ಕೂರುತ್ತಿದ್ದರಂತೆ, ಮಂಗಳ ಹಾಡುವಾಗ ನಡುರಾತ್ರಿ ದಾಟಿರುತ್ತಿತ್ತಂತೆ. ಈಗ ಎರಡು ಅಡ್ಡಿ. ಒಂದು ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಹಬ್ಬಕ್ಕೆ ನಡುರಾತ್ರಿವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶ ಇದೆ, ಅದೂ ವರ್ಷದಲ್ಲಿ 15 ದಿನ ಮೀರದಂತೆ. ನಮ್ಮಂಥ ಸಣ್ಣ ಊರಿನವರು ಆ ಆಸೆ ಇಟ್ಟುಕೊಳ್ಳದೆ ಇರುವುದೇ ವಾಸಿ.

ಇನ್ನೊಂದು ಅಡ್ಡಿ ಆನೆ. ಬೇಲೂರು, ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೀಮ ಅನ್ನುವ ಸಲಗ ನಮ್ಮ ಕಡೆ ಮಕ್ಕಳಿಗೂ ಪರಿಚಯ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಹೆಂಗಸರು ಮಕ್ಕಳು ನಡೆದು ಬರುವ ಮಾತೇ ಇಲ್ಲ. ತೋಟದ ಆಳುಗಳಿರುವ ಲೈನ್ ಮನೆಗಳು ಒಂದೂವರೆ ಎರಡು ಕಿಲೋಮೀಟರ್ ಒಳಗಿವೆ. ಹಾಗಾಗಿ ಆರೂವರೆಗೆ ಜನ ಮನೆ ಸೇರಿರಬೇಕು ಅಂತ ತೀರ್ಮಾನ ಆಯಿತು. ಅಂದರೆ ಮಧ್ಯಾಹ್ನ ಶುರು ಮಾಡಬೇಕು. ಮಧ್ಯಾಹ್ನ ಅಂದರೆ ಕೆಲಸದ ದಿನ ತೋಟದ ಆಳುಗಳು ಬರುವಂತಿಲ್ಲ. ರಾಮನವಮಿ ದಿನವೇ ಮಾಡಬೇಕು ಅಂತ ಹಠ ಹಿಡಿದಿದ್ದವರು ಆಗ ಇಳಿದರು, ಮುಂದಿನ ಭಾನುವಾರ ಅಂತ ಗೊತ್ತುಮಾಡಿದೆವು.

ಆದರೆ ರಾಮನವಮಿ ಆದ ಕೆಲವೇ ದಿನಕ್ಕೆ ಬೇಲೂರು ಚೆನ್ನಕೇಶವನ ತೇರು. ತಾಲ್ಲೂಕಿನ ಶಾಮಿಯಾನ, ಮೈಕ್ ಸೆಟ್, ಪೊಲೀಸರು ಎಲ್ಲರೂ ಆ ವಾರ ಅಲ್ಲಿಗೇ. ಮೈಕಿನವನು "ಅಣ್ಣಾ, ಇನ್ನೊಂದು ವಾರ ಮುಂದಕ್ಕೆ ಹಾಕ್ಕೊಳಿ" ಅಂದ. ದಾಸರಿಗೆ ಆ ದಿನ ಬೇರೆ ಕಡೆ ಒಪ್ಪಂದ. ಕೊನೆಗೆ ಚಿಕ್ಕಮಗಳೂರಿಂದ ಮೈಕ್ ತರಿಸಿದೆವು, ಸಾಗಣೆ ಖರ್ಚು ಮೇಲೆ ಬಿತ್ತು. ಚೈತ್ರದಲ್ಲಿ ಬೇಲೂರು ಸುತ್ತಮುತ್ತ ಏನೇ ಮಾಡುವವರು ಮೊದಲು ತೇರಿನ ತಾರೀಖು ನೋಡಿಕೊಳ್ಳಿ.

ಈಗ ಕಾಗದ ಪತ್ರದ ವಿಷಯ. ಠಾಣೆಗೆ ಕೊಡಬೇಕಾದದ್ದು ಇಷ್ಟು: ಕಮಿಟಿಯ ಲೆಟರ್‌ಹೆಡ್‌ನಲ್ಲಿ ಅರ್ಜಿ, ಅದಕ್ಕೆ ಅಧ್ಯಕ್ಷರ ಸಹಿ, ಸೀಲು, ಮುಂದೆ ನಿಂತು ನಡೆಸುವ ಒಬ್ಬರ ಆಧಾರ್ ಪ್ರತಿ, ಮೈಕಿನವನ ಹೆಸರು ವಿಳಾಸ, ಪಂಚಾಯಿತಿಯಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಹೊತ್ತು ಮೀರುವುದಿಲ್ಲ ಅಂತ ಬರೆದುಕೊಟ್ಟ ಮುಚ್ಚಳಿಕೆ. ನಮ್ಮಲ್ಲಿ ಕೇಳಿದ್ದು ಇದು, ನಿಮ್ಮ ಠಾಣೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಇರಬಹುದು. ಇದರಲ್ಲಿ ನಮ್ಮನ್ನು ಸತಾಯಿಸಿದ್ದು ಸೀಲು. ಅದು ಹಿಂದಿನ ಅಧ್ಯಕ್ಷರ ಮನೆಯಲ್ಲಿತ್ತು. ಅವರಿಗೂ ಈಗಿನ ಅಧ್ಯಕ್ಷರಿಗೂ ಕಲ್ಯಾಣಿ ರಿಪೇರಿ ಲೆಕ್ಕದ ಮೇಲೆ ಮಾತು ಬಿಟ್ಟು ವರ್ಷಗಳಾಗಿವೆ. ನಾನು ಕೇಳಲು ಹೋದರೆ ಕಾಫಿ ಕೊಡುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ, ಸೀಲು ಮಾತ್ರ "ಎಲ್ಲೋ ಇದೆ, ಹುಡುಕ್ತೀನಿ ಕಣಪ್ಪ". ಸಿಟ್ಟು ಬಂದು ಹಾಸನದಲ್ಲಿ ಹೊಸದೇ ಮಾಡಿಸಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ಅವರ ಮೊಮ್ಮಗಳು ಶುರುವಿನ ನಾಂದಿಗೆ ಹಾಡುತ್ತಾಳಂತೆ ಅಂತ ಅರ್ಚಕರು ಊರಲ್ಲಿ ಸುದ್ದಿ ಬಿಟ್ಟರು. ಸಂಜೆಯೇ ಸೀಲು ಬಂತು, ಇಂಕ್ ಪ್ಯಾಡ್ ಸಮೇತ.

ಠಾಣೆಯಲ್ಲಿ ಪರೀಕ್ಷೆ ಸಮಯ, ಸೌಂಡ್ ಜಾಸ್ತಿ ಇಡಬೇಡಿ ಅಂದರು. ಸರಿ ಅಂದೆವು. ಹರಿಕಥೆಗೆ ದೊಡ್ಡ ಸೌಂಡ್ ಬೇಕಾಗಿಯೂ ಇಲ್ಲ, ಮಾತು ಸ್ಪಷ್ಟವಾಗಿ ಕೇಳಿಸಿದರೆ ಸಾಕು. ಮೈಕಿನ ಹುಡುಗರಿಗೆ ಇದು ತಿಳಿಯುವುದಿಲ್ಲ. ಗಣಪತಿ ಹಬ್ಬದ ಅಳತೆಯಲ್ಲಿ ಎಕೋ ಇಟ್ಟುಬಿಡುತ್ತಾರೆ, ದಾಸರ ಒಂದೊಂದು ಮಾತೂ ಎರಡೆರಡು ಸಲ ಬಂದು ಬಡಿಯುತ್ತದೆ. ಎಕೋ ಪೂರ್ತಿ ತೆಗೆಸಿ. ಇದನ್ನು ಅಡ್ವಾನ್ಸ್ ಕೊಡುವಾಗಲೇ ಹೇಳಿ.

ಕಥೆ ಯಾವುದು ಅನ್ನುವುದು ಇನ್ನೊಂದು ಪಂಚಾಯಿತಿ. ಹುಡುಗನೊಬ್ಬ ಗಜೇಂದ್ರ ಮೋಕ್ಷ ಅಂದ. ಹೋದ ಸುಗ್ಗಿಯಲ್ಲಿ ಭತ್ತದ ಗದ್ದೆ ಪೂರ್ತಿ ಆನೆ ಪಾಲಾದ ಗೌಡರು ಅಲ್ಲೇ ಕೂತಿದ್ದರು. "ಆನೆಗೆ ಮೋಕ್ಷ ಆಮೇಲೆ ಕೊಡಿಸಿ, ಮೊದಲು ನಮ್ಮನ್ನ ಆನೆಯಿಂದ ಬಿಡಿಸಿ" ಅಂದರು. ಅಲ್ಲಿಗೆ ಅದು ಮುಗಿಯಿತು. ದಾಸರಿಗೆ ಚಂದ್ರಹಾಸ, ಸುಧನ್ವ ಹೇಳುವ ಆಸೆ. ಅವರ ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರು ಅನ್ನುವ ಹೆಮ್ಮೆ ಅವರಿಗೆ, ಈ ಎರಡೂ ಕಥೆ ಅವನ ಜೈಮಿನಿ ಭಾರತದವು. ಆದರೆ ರಾಮೋತ್ಸವ ಅಲ್ವಾ, ಕೊನೆಗೆ ಪಾದುಕಾ ಪಟ್ಟಾಭಿಷೇಕ ಅಂತಾಯಿತು. ನನ್ನ ಅಭಿಪ್ರಾಯ ಕೇಳಿದರೆ ಕಥೆಯನ್ನು ದಾಸರಿಗೇ ಬಿಡಿ. ಯಾವ ಊರಿಗೆ ಯಾವುದು ಹಿಡಿಸುತ್ತದೆ ಅಂತ ಕಮಿಟಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕರೆಂಟಿನದು ಹೇಳಲೇಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ಮೋಟರು ಓಡಲು ಶುರುವಾದರೆ ನಮ್ಮ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ಕೂಡ ಮಿಣಮಿಣ ಅನ್ನುತ್ತದೆ. ತಾತ್ಕಾಲಿಕ ಲೈನಿಗೆ ಅರ್ಜಿ, ಡಿಪಾಸಿಟ್ಟು ಅಂತ ಓಡಾಡುವ ಬದಲು ಸಣ್ಣ ಜನರೇಟರ್ ಬಾಡಿಗೆಗೆ ತಂದೆವು. ಅದನ್ನು ದೇವಸ್ಥಾನದ ಹಿಂದೆ ದೂರಕ್ಕೆ ಇಡಿ, ಉದ್ದ ವೈರ್ ಬೇಕು ಅಂತ ಮೊದಲೇ ಹೇಳಿ.

ಮಳೆಯ ವಿಷಯದಲ್ಲಿ ನನ್ನ ಪಾಡು ಯಾರಿಗೂ ಬೇಡ. ಊರಿಗೆ ಊರೇ ಹೂಮಳೆ ಬರಲಿ ಅಂತ ರಾಮನಿಗೆ ಕೈ ಮುಗಿಯುತ್ತಿತ್ತು. ನಾನೊಬ್ಬ ಭಾನುವಾರ ಬಿಟ್ಟು ಬರಲಿ ಅಂತ ಮುಗಿಯುತ್ತಿದ್ದೆ, ಬಾಯಿ ಬಿಟ್ಟು ಹೇಳುವಂತಿಲ್ಲ.

ಭಾನುವಾರ ಎರಡೂವರೆಗೆ ಶುರು ಅಂತ ಕರಪತ್ರದಲ್ಲಿ ಹಾಕಿಸಿದ್ದೆವು. ದಾಸರು ಹನ್ನೆರಡಕ್ಕೇ ಬಂದರು, ಕಡೂರಿಂದ ಚಿಕ್ಕಮಗಳೂರು, ಬೇಲೂರು ಮೇಲೆ ಕಾರಿನಲ್ಲಿ. ಊಟಕ್ಕೆ ಎದ್ದಾಗ ಅನ್ನ, ತಿಳಿಸಾರು, ಮಜ್ಜಿಗೆ ಅಷ್ಟೇ. ಹೋಳಿಗೆ ಬಡಿಸಲು ಹೋದವರಿಗೆ "ಮಂಗಳ ಆದ ಮೇಲೆ ಎರಡು ತಿಂತೀನಿ ತಾಯಿ, ಎತ್ತಿಡಿ" ಅಂದರು. ಇದು ನೆನಪಿಡಿ, ದಾಸರಿಗೆ ಮೊದಲೇ ಭರ್ಜರಿ ಊಟ ಹಾಕಿಸಬೇಡಿ. ಮೂರು ಗಂಟೆ ನಿಂತು, ಕುಣಿದು, ಹಾಡಬೇಕು. ಬಿಸಿನೀರಿನ ಫ್ಲಾಸ್ಕ್ ವೇದಿಕೆ ಮೇಲೆ ಇರಲಿ.

ಊಟದ ಮೇಲೆ ಹರಿಕಥೆ ಬೆಳೆದುಬಂದ ಬಗ್ಗೆ ಒಂದಿಷ್ಟು ಮಾತಾಡಿದರು. ತಂಜಾವೂರಿನಲ್ಲಿ ಮರಾಠ ಅರಸರ ಕಾಲದಲ್ಲಿ ಮಹಾರಾಷ್ಟ್ರದ ಕೀರ್ತನ ಅಲ್ಲಿಗೆ ಬಂದು ದಕ್ಷಿಣದ ಸಂಗೀತದ ಜೊತೆ ಬೆರೆತದ್ದು, ಆಂಧ್ರದಲ್ಲಿ ಆದಿಭಟ್ಲ ನಾರಾಯಣದಾಸರು (1864–1945) ಅದಕ್ಕೆ ದೊಡ್ಡ ಹೆಸರು ತಂದದ್ದು, ನಮ್ಮಲ್ಲಿ ಅದಕ್ಕೆ ದಾಸರ ಪದಗಳ ಬಲ ಸೇರಿದ್ದು. ಭದ್ರಗಿರಿಯ ಅಣ್ಣತಮ್ಮಂದಿರಾದ ಅಚ್ಯುತದಾಸರು, ಕೇಶವದಾಸರ ಮಾತು ಬಂತು. ನಮ್ಮ ಕಡೆಯ ಹಿರಿಯರು ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ ನೆನೆಸಿಕೊಂಡರು. ಸಿನಿಮಾದಲ್ಲಿ ಅರುಣ್ ಕುಮಾರ್ ಅಂತ ಬರುತ್ತಿದ್ದವರು ಅವರೇ. "ಎಲ್ಲರೂ ನನ್ನಿಂದ ಆ ಕ್ಯಾಸೆಟ್ ಕೇಳೋಕೆ ಬರ್ತಾರೆ, ನಾನು ನನ್ನದನ್ನ ಹೇಳ್ತೀನಿ" ಅಂತ ದಾಸರು ನಕ್ಕರು.

ಎರಡೂವರೆಗೆ ಇದ್ದವರು ಮಕ್ಕಳು, ಮುದುಕರು, ಎರಡು ನಾಯಿ. ಎದೆ ಧಸಕ್ ಅಂತು. ಅದಕ್ಕಿಂತ ಕೆಟ್ಟದ್ದು ಸನ್ಮಾನ. ದಾನಿಗಳಿಗೆ ಶಾಲು, ಪಂಚಾಯಿತಿಯವರಿಗೆ ಶಾಲು, ಜಾಗ ಕೊಟ್ಟವರ ಮಗನಿಗೆ ಶಾಲು, ಒಬ್ಬೊಬ್ಬರಿಂದ ಎರಡು ಮಾತು. ಮೂರೂವರೆ ಆಯಿತು. ದಾಸರು ಪಂಚೆ, ಜರಿ ಶಲ್ಯ, ಪೇಟ ಎಲ್ಲ ಧರಿಸಿ, ಕಾಲಿಗೆ ಗೆಜ್ಜೆ ಕಟ್ಟಿ ಗರ್ಭಗುಡಿ ಪಕ್ಕದಲ್ಲಿ ಕಾಯುತ್ತಾ ನಿಂತಿದ್ದರು. ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ. ಪೊಲೀಸರು, ಆನೆ, ತೇರು ಎಲ್ಲ ಸೇರಿ ತಿನ್ನದ ಹೊತ್ತನ್ನು ನಮ್ಮ ಶಾಲುಗಳು ತಿಂದವು. ಸನ್ಮಾನ ಬೇಕೇ ಬೇಕು ಅನ್ನುವವರಿದ್ದರೆ ಪೂರ್ವಪೀಠಿಕೆಗೂ ಕಥೆಗೂ ನಡುವೆ ಮಂಗಳಾರತಿ ತಟ್ಟೆ ಹೋಗುತ್ತದಲ್ಲ, ಆಗ ಹತ್ತು ನಿಮಿಷದಲ್ಲಿ ಮುಗಿಸಿ. ಮೊದಲು ಇಟ್ಟರೆ ಹೋಯಿತು.

ಪೂರ್ವಪೀಠಿಕೆಗೆ ಪುರಂದರದಾಸರ ಒಂದು ಪದ ಎತ್ತಿಕೊಂಡು ಅರ್ಧ ಗಂಟೆ ಅದರ ಮೇಲೆಯೇ ಹೇಳಿದರು. ಇದನ್ನು ಬೇಸರದ ಭಾಗ ಅಂತ ಕೆಲವರು ಕತ್ತರಿಸಲು ಹೇಳುತ್ತಾರೆ. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಆದರೆ ಜನ ಬಂದು ಕೂತು ಹದಕ್ಕೆ ಬರಲು ಆ ಅರ್ಧ ಗಂಟೆ ಬೇಕೇ ಬೇಕು. ನಾಲ್ಕರ ಹೊತ್ತಿಗೆ ಲೈನ್ ಮನೆಗಳಿಂದ ಹೆಂಗಸರು ಬಟ್ಟೆ ಒಗೆದು, ಮಿಂದು, ಗುಂಪು ಗುಂಪಾಗಿ ಬಂದರು. ಶಾಮಿಯಾನ ತುಂಬಿತು. ತಟ್ಟೆ ಹೋಗುವಾಗ ನಾಲ್ಕು ಹನಿ ಬಿತ್ತು. ತೋಟದವರೆಲ್ಲ ಕಥೆ ಬಿಟ್ಟು ಆಕಾಶ ನೋಡಿದರು. ಅಷ್ಟಕ್ಕೇ ನಿಂತಿತು.

ಕಥೆ ಶುರುವಾದ ಮೇಲೆ ನಾನು ಓಡಾಟ ಬಿಟ್ಟು ಕಂಬಕ್ಕೆ ಒರಗಿ ಕೂತೆ. ಭರತ ಅಜ್ಜನ ಮನೆಯಿಂದ ಬರುತ್ತಾನೆ, ರಾಜ್ಯ ನಿನ್ನದು ಅನ್ನುತ್ತಾಳೆ ಕೈಕೇಯಿ. ದಾಸರು ಅಲ್ಲಿ ನಿಲ್ಲಿಸಿ ಶಲ್ಯ ಸರಿ ಮಾಡಿಕೊಂಡು, "ಪಹಣಿ ಆಗಲೇ ಮಗನ ಹೆಸರಿಗೆ ಮಾಡಿಸಿಟ್ಟಿದ್ದಾಳೆ ಮಹಾತಾಯಿ! ಖಾತೆ ಆಗಿದೆ, ಪೋಡಿ ಆಗಿದೆ, ಸರ್ವೆಯವರು ಬಂದು ಕಲ್ಲೂ ನೆಟ್ಟು ಹೋಗಿದ್ದಾರೆ. ಒಂದು ಸಹಿ ಹಾಕಪ್ಪ ಅಂತಾಳೆ. ಭರತ ಪೆನ್ನು ಮುಟ್ಟಲಿಲ್ಲ" ಅಂದರು. ಜನ ಬಿದ್ದು ಬಿದ್ದು ನಕ್ಕರು. ನಗು ಇಳಿಯುವ ಮುಂಚೆಯೇ ಅವರು ಹಾಡಿಗೆ ಹೊರಟಿದ್ದರು, ಭರತ ಚಿತ್ರಕೂಟಕ್ಕೆ ಹೊರಟ ಹಾಡು. ನಮ್ಮೂರಲ್ಲಿ ತೋಟದ ಭಾಗಕ್ಕೆ ಕೋರ್ಟಿಗೆ ಹತ್ತಿದ ಅಣ್ಣತಮ್ಮಂದಿರು ಒಂದಲ್ಲ, ಮೂರು ಜೋಡಿ ಇದ್ದಾರೆ. ದಾಸರಿಗೆ ಇದನ್ನು ಯಾರೂ ಹೇಳಿರಲಿಲ್ಲ ಅಂತ ನಾನು ಆಣೆ ಮಾಡಬಲ್ಲೆ. ಅವರಲ್ಲಿ ಒಬ್ಬರು ಮರುದಿನ ನನ್ನ ಹತ್ತಿರ "ನೀನೇ ಹೇಳಿಕೊಟ್ಟಿದ್ದಾ?" ಅಂತ ಜಗಳಕ್ಕೆ ಬಂದರು.

ಐದೂಮುಕ್ಕಾಲಿಗೆ ವಾಟ್ಸಾಪಿನಲ್ಲಿ ಸಂದೇಶ ಬಂತು. ಆನೆ ಗುಂಪು ಪಕ್ಕದ ತೋಟದಲ್ಲಿದೆ, ಸಂಜೆ ರಸ್ತೆ ದಾಟುವ ಸಾಧ್ಯತೆ, ಎಚ್ಚರಿಕೆ. ಫೋನುಗಳು ಒಂದೊಂದಾಗಿ ಟಿಂಗ್ ಅಂದವು, ಗುಸುಗುಸು ಶುರುವಾಯಿತು, ಹಿಂದಿನ ಸಾಲಿನವರು ಎದ್ದರು. ನಾನು ವೇದಿಕೆ ಪಕ್ಕ ಹೋಗಿ ಚೀಟಿ ಕೊಟ್ಟೆ. ದಾಸರು ಚಿಟಿಕೆ ಹಾಕುತ್ತಲೇ ಓದಿ, "ರಾಮ ಕಾಡಲ್ಲಿದ್ದಾನೆ, ಅವನನ್ನ ಅಲ್ಲೇ ಬಿಟ್ಟು ಮಂಗಳ ಹಾಡೋ ಪದ್ಧತಿ ಇಲ್ಲ. ಹತ್ತು ನಿಮಿಷ ಕೊಡಿ, ಪಾದುಕೆ ಸಿಂಹಾಸನದ ಮೇಲೆ ಇಟ್ಟೇ ಕಳಿಸ್ತೀನಿ" ಅಂದರು, ಮೈಕಿನಲ್ಲೇ. ಎದ್ದವರು ಕೂತರು. ಮಾತು ಬಿಟ್ಟು ಬರೀ ಹಾಡಿನಲ್ಲೇ ಅಯೋಧ್ಯೆಗೆ ಕರೆತಂದರು. ಆಮೇಲೆ ಜೀಪು, ಪಿಕಪ್ಪುಗಳಲ್ಲಿ ಲೈನ್ ಮನೆಯವರನ್ನು ಬಿಟ್ಟುಬಂದೆವು. ಗಾಡಿಗಳನ್ನು ಮೊದಲೇ ಹೇಳಿಟ್ಟಿದ್ದೆವು, ಆನೆ ಓಡಾಡುವ ಕಡೆ ಇದನ್ನು ತಪ್ಪಿಸಬೇಡಿ.

ಖರ್ಚು ಕೇಳುವವರಿಗೆ: ದಾಸರಿಗೆ 15,000, ಪಕ್ಕವಾದ್ಯದ ಇಬ್ಬರಿಗೆ ತಲಾ 4,000, ಅವರ ಕಾರಿಗೆ 5,000, ಮೈಕಿಗೆ ಸಾಗಣೆ ಸೇರಿ 7,500, ಶಾಮಿಯಾನ ಜಮಖಾನಕ್ಕೆ 7,000, ಜನರೇಟರಿಗೆ ಡೀಸೆಲ್ ಸೇರಿ 3,000. ಒಟ್ಟು 45,500. ಪ್ರಸಾದದ ಸಾಮಾನು ಊರವರೇ ಕೊಟ್ಟರು. ಪಕ್ಕವಾದ್ಯದವರ ಹಣವನ್ನು ಬೇರೆ ಕವರಿನಲ್ಲಿ ಅವರ ಕೈಗೇ ಕೊಡಿ.

ತಟ್ಟೆ ಕಾಸಿನ ವಿಷಯ ಮಾತ್ರ ಮೊದಲೇ ತೀರ್ಮಾನ ಆಗಲಿ. ನಮ್ಮಲ್ಲಿ ಮೂರು ಸಾವಿರದ ಮೇಲೆ ಬಿದ್ದಿತ್ತು. ಅದು ದಾಸರದ್ದು ಅಂತ ಹಿರಿಯರು, ದೇವಸ್ಥಾನದ್ದು ಅಂತ ಖಜಾಂಚಿ, ದಾಸರ ಎದುರಲ್ಲೇ ವಾದಕ್ಕಿಳಿದರು. ದಾಸರು ಆ ಕಡೆ ತಿರುಗಿ ಗೆಜ್ಜೆ ಬಿಚ್ಚುತ್ತಿದ್ದರು. ಕೊನೆಗೆ ಅವರಿಗೇ ಕೊಟ್ಟೆವು. ಅವರು ಅದರಲ್ಲಿ 101 ರೂಪಾಯಿ ಹುಂಡಿಗೆ ಹಾಕಿ, ನಾಂದಿ ಹಾಡಿದ ಹುಡುಗಿಗೆ ಐನೂರು ಕೊಟ್ಟರು. ಎತ್ತಿಟ್ಟಿದ್ದ ಹೋಳಿಗೆ ಕಟ್ಟಿಸಿಕೊಂಡು, ಕತ್ತಲಾಗುವ ಮುಂಚೆ ಬೇಲೂರು ದಾಟಬೇಕು ಅಂತ ಹೊರಟರು. ಮುಂದಿನ ಚೈತ್ರಕ್ಕೆ ಬೇಕಿದ್ದರೆ ಸಂಕ್ರಾಂತಿಯೊಳಗೆ ಹೇಳಿ ಅಂದಿದ್ದಾರೆ, ಆ ತಬಲಾದವರಿಗೆ ಬೇಡಿಕೆ ಜಾಸ್ತಿಯಂತೆ.